ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ

ರಾಯಚೂರು ಜಿಲ್ಲೆಯ ಊರಲ್ಲಿ ವಿಮಾನ ಚೂರುಚೂರು (3).

ಮುಖಪುಟದ ತಲೆಬರಹದ ಹಾಗಿದೆ. ಓದಿದವರು ‘ಅಯ್ಯೋ ಪಾಪ, ಎಷ್ಟು ಜನ ಹೋದರೋ’ ಎಂದು ಮರುಗಿದರೆ ಸುಳಿವು ಹೊಸೆದವನಿಗೆ ಅರ್ಧ ಗೆಲುವು. ಇಲ್ಲಿ ವಿಮಾನವೆಂದರೆ ಹಾರುವ ಯಂತ್ರವಲ್ಲ. ವಿ, ಮಾ, ನ ಎಂಬ ಮೂರು ಅಕ್ಷರ. ‘ಚೂರುಚೂರು’ ಎಂಬುದು ಆ ಅಕ್ಷರಗಳನ್ನು ಒಡೆದು ಕಲಸು ಎಂಬ ಅಪ್ಪಣೆ. ಕಲಸಿ ಜೋಡಿಸಿದರೆ ಮಾನವಿ. ರಾಯಚೂರು ಜಿಲ್ಲೆಯ ಊರು ಹೌದೋ ಅಲ್ಲವೋ? ಮಾನ್ವಿ ಎಂದು ಬರೆಯುವವರು ತಕರಾರು ತೆಗೆಯಬಹುದು. ಆದರೆ ಕೊಟ್ಟಿರುವುದು ಮೂರು ಮನೆ.

ಇದು ಕ್ರಿಪ್ಟಿಕ್ ಕ್ರಾಸ್‌ವರ್ಡ್ ಜಾತಿಯ ಸುಳಿವು. ಆಟ ಇಂಗ್ಲಿಷಿನದು, ಮಾದರಿಗಾಗಿ ಈ ಲೇಖನದಲ್ಲಿ ಕೊಟ್ಟ ಸುಳಿವುಗಳು ಮಾತ್ರ ನಾನೇ ಕನ್ನಡದಲ್ಲಿ ಹೊಸೆದವು. ಬೆಳಗಿನ ಕಾಫಿಯ ಜೊತೆ ನಾವು ಬಿಡಿಸುವ ಸಾದಾ ಪದಬಂಧದಲ್ಲಿ ‘ಕಾಡು (2)’ ಎಂದಷ್ಟೇ ಇರುತ್ತದೆ. ಉತ್ತರ ವನವೋ ಕಾನೋ ಎಂದು ಗೊತ್ತಾಗಲು ಮೇಲಿನಿಂದ ಕೆಳಕ್ಕೆ ಬರುವ ಪದವೊಂದು ಸಿಗುವ ತನಕ ಪೆನ್ಸಿಲ್ ಕಚ್ಚುತ್ತಾ ಕೂರಬೇಕು. ಕ್ರಿಪ್ಟಿಕ್‌ನಲ್ಲಿ ಅದೇ ಸುಳಿವು ‘ಕವನದೊಳಗೆ ಕಾಡು (2)’ ಎಂದಾಗುತ್ತದೆ. ಕವನ ಎಂಬ ಪದದ ಹೊಟ್ಟೆಯೊಳಗೇ ವನ ಕೂತಿದೆ, ಕಾನು ಬರಲು ಜಾಗವೇ ಇಲ್ಲ. ಅಂದರೆ ಒಂದೇ ವಾಕ್ಯದಲ್ಲಿ ಉತ್ತರವನ್ನು ಎರಡು ಸಲ ಹೇಳಿದಂತಾಯಿತು, ಒಮ್ಮೆ ಅರ್ಥದಿಂದ, ಒಮ್ಮೆ ಅಕ್ಷರದಿಂದ. ಎರಡೂ ಒಂದೇ ಕಡೆ ಬಂದು ಸೇರಿದರೆ ಮಾತ್ರ ಸುಳಿವು ಬಿಡಿಸಿದ ಲೆಕ್ಕ. ಹಾಗಾಗಿ ಈ ಆಟದಲ್ಲಿ ಪಳಗಿದವರು ಬರೇ ಉತ್ತರ ಕೇಳಿ ಸುಮ್ಮನಾಗುವುದಿಲ್ಲ. ‘ಅದು ಸರಿ, ಯಾಕೆ?’ ಎನ್ನುತ್ತಾರೆ.

ಲಿವರ್‌ಪೂಲ್ ಮೂಲದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಪದಬಂಧ ಅಚ್ಚು ಹಾಕಿಸಿದಾಗ ಸುಳಿವುಗಳಲ್ಲಿ ಇಂಥ ಕೊಂಕು ಇರಲಿಲ್ಲ. ಕೊಂಕು ಕಲಿಸಿದ್ದು ಬ್ರಿಟನ್. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ 1926ರಿಂದ ಪದಬಂಧ ಕೊಡುತ್ತಿದ್ದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್, ಸ್ಪೇನಿನ ಕುಖ್ಯಾತ ಮತವಿಚಾರಣಾಧಿಕಾರಿ ಟಾರ್ಕೆಮಾಡಾನ ಹೆಸರನ್ನೇ ಅಂಕಿತನಾಮ ಮಾಡಿಕೊಂಡರು. ಓದುಗರಿಗೆ ಚಿತ್ರಹಿಂಸೆ ಕೊಡುವುದೇ ತನ್ನ ಕಸುಬು ಎಂಬ ತಮಾಷೆ. 1939ರಲ್ಲಿ ಅವರು ತೀರಿಕೊಂಡ ಮೇಲೆ ಆ ಕುರ್ಚಿಗೆ ಬಂದ ಡಿ.ಎಸ್. ಮ್ಯಾಕ್ನಟ್ ಎಂಬ ಶಾಲಾ ಮೇಷ್ಟ್ರು ಆರಿಸಿಕೊಂಡದ್ದು ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು, ಝಿಮೆನೀಸ್. ಆದರೆ ಹಿಂಸೆಗೆ ಕಾನೂನು ಬರೆದವರು ಈ ಮೇಷ್ಟ್ರೇ. 1966ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಪಟ್ಟು ಹಿಡಿದದ್ದು ಇಷ್ಟಕ್ಕೆ: ಸುಳಿವಿನಲ್ಲಿ ನಿಖರವಾದ ಅರ್ಥವಿರಬೇಕು, ನ್ಯಾಯವಾದ ಅಕ್ಷರದಾಟವಿರಬೇಕು, ಇವೆರಡನ್ನು ಬಿಟ್ಟು ಇನ್ನೇನೂ ಇರಕೂಡದು. ಸುಳಿವು ಹೊಸೆಯುವವನು ಓದುಗನನ್ನು ಎಷ್ಟು ಬೇಕಾದರೂ ದಾರಿ ತಪ್ಪಿಸಲಿ, ಸುಳ್ಳು ಹೇಳುವಂತಿಲ್ಲ.

ಬಿಡಿಸುವವರಿಗೆ ಈ ಕಾನೂನೇ ಕೈದೀಪ. ಅರ್ಥ ಹೇಳುವ ಭಾಗ ಸುಳಿವಿನ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ, ನಡುವೆ ಅವಿತುಕೊಳ್ಳುವುದಿಲ್ಲ. ‘ದಸರೆ ನೋಡಲು ಹೋಗುವ ಊರಲ್ಲಿ ದೇಹಕ್ಕೊಂದು ಛಾವಣಿ (3)’ ಎಂದರೆ ಲಾಡ್ಜ್‌ನಲ್ಲಿ ರೂಮು ಸಿಕ್ಕಿದ ಕಥೆ ಕಣ್ಣ ಮುಂದೆ ಬರುತ್ತದೆ. ಆ ಕಥೆಯನ್ನು ಮೊದಲು ಕೊಡವಿಕೊಳ್ಳಬೇಕು. ದೇಹ ಎಂದರೆ ಮೈ, ಛಾವಣಿ ಎಂದರೆ ಸೂರು. ಎರಡನ್ನೂ ಜೋಡಿಸಿದರೆ ದಸರೆಯ ಊರು ತಾನಾಗಿ ಬಂತು. ‘ನದಿ ಹಿಂದಕ್ಕೆ ಹರಿಯಲು 24 ಗಂಟೆ (2)’ ಎಂಬುದರಲ್ಲಿ ನೀರಿನ ಮಾತೇ ಇಲ್ಲ. ನದಿ ಎಂಬ ಪದವನ್ನು ಬಲದಿಂದ ಎಡಕ್ಕೆ ಓದಿ, ದಿನ.

ಇಂಗ್ಲಿಷಿನಲ್ಲಿ ಸಲೀಸಾದ ಒಂದು ತಂತ್ರ ನಮ್ಮಲ್ಲಿ ಓಡುವುದಿಲ್ಲ. ಅಲ್ಲಿ ಕಾಗುಣಿತ ಬೇರೆ, ಉಚ್ಚಾರ ಒಂದೇ ಆದ ಪದಗಳು ರಾಶಿ ಬಿದ್ದಿವೆ. ರಾತ್ರಿಗೂ ನೈಟ್, ಕುದುರೆ ಸವಾರನಿಗೂ ನೈಟ್. ನುಡಿದಂತೆ ಬರೆಯುವ ನಮಗೆ ಅಂಥ ಜೋಡಿಗಳು ಹುಡುಕಿದರೂ ಸಿಗುವುದು ಕಷ್ಟ. ಆದರೆ ಅದರ ತಮ್ಮನೊಬ್ಬ ಚೆನ್ನಾಗಿ ಒಗ್ಗುತ್ತಾನೆ. ಲಂಡನ್ನಿನ ಈಸ್ಟ್ ಎಂಡ್ ಜನ ಪದದ ಮೊದಲಿನ ಹಕಾರ ನುಂಗುತ್ತಾರೆಂದು ಅಲ್ಲಿನ ಸುಳಿವುಗಾರರು ಅದನ್ನೇ ಸಂಕೇತ ಮಾಡಿಕೊಂಡಿದ್ದಾರೆ. ಹಕಾರ ನುಂಗುವುದರಲ್ಲಿ ನಾವೇನು ಕಮ್ಮಿ? ‘ಹಳೇ ಮೈಸೂರಿನವರ ಬಾಯಲ್ಲಿ ಬೇಲೂರಿನ ಜಿಲ್ಲೆ ಕೂರುವ ಜಾಗ (3)’. ಹಾಸನ ಹೋಗಿ ಆಸನವಾಯಿತು.

ಕನ್ನಡದಲ್ಲಿ ಹೊಸೆಯುವಾಗ ಕಾಟ ಕೊಡುವುದು ವಿಭಕ್ತಿ. ಇಂಗ್ಲಿಷ್ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಎಲ್ಲಿ ಕತ್ತರಿಸಿದರೂ ಗುರುತು ಸಿಗುವುದಿಲ್ಲ. ನಮ್ಮಲ್ಲಿ ‘ಊರಲ್ಲಿ’, ‘ದೇಹಕ್ಕೊಂದು’ ಎಂದು ಪ್ರತ್ಯಯ ಅಂಟಿಕೊಂಡ ಕೂಡಲೇ ಹೊಲಿಗೆ ಕಾಣಿಸುತ್ತದೆ. ಅದನ್ನು ಮುಚ್ಚುವ ಹಾಗೆ ವಾಕ್ಯ ಕಟ್ಟುವುದರಲ್ಲೇ ಕೈಚಳಕ.

ಭಾರತದಲ್ಲಿ ಇಂಗ್ಲಿಷ್ ಪತ್ರಿಕೆ ಓದುವ ಅನೇಕರಿಗೆ ಈ ಚಟ ಹತ್ತಿಸಿದ್ದು ‘ದಿ ಹಿಂದೂ’. ಅದಕ್ಕೆ ಶುರುವಿನಲ್ಲಿ ಪದಬಂಧ ಹೆಣೆದುಕೊಟ್ಟವರು ವೈಸ್ ಅಡ್ಮಿರಲ್ ಆರ್.ಡಿ. ಕಟಾರಿ, 1958ರಲ್ಲಿ ನಮ್ಮ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ. ಯುದ್ಧನೌಕೆಗಳನ್ನು ನಡೆಸಿದವರು ನಿವೃತ್ತಿಯ ಮೇಲೆ ಕಪ್ಪುಬಿಳಿ ಚೌಕಗಳ ಮುಂದೆ ಕೂತರು.

ಝಿಮೆನೀಸ್ ಕಾನೂನಿಗೆ ಎಲ್ಲರೂ ತಲೆಬಾಗಲಿಲ್ಲ. ‘ಗಾರ್ಡಿಯನ್’ ಪತ್ರಿಕೆಗೆ 1958ರಿಂದ ಬರೆದ ಪಾದ್ರಿ ಜಾನ್ ಗ್ರಹಾಂ, ಅರಾಕೇರಿಯಾ ಎಂಬ ಮರದ ಹೆಸರಿನಲ್ಲಿ, ನಿಯಮವನ್ನು ಬೇಕಾದಾಗ ಬಗ್ಗಿಸಿ ನಗಿಸುತ್ತಿದ್ದರು. ನನ್ನ ಓಟು ಮೇಷ್ಟ್ರಿಗೇ. ಆದರೂ ಈ ಪಾದ್ರಿ ಮಾಡಿದ್ದನ್ನು ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ. 2013ರ ಜನವರಿಯ ಒಂದು ಪದಬಂಧದ ಮೇಲೆ, ಅರಾಕೇರಿಯಾಗೆ ಇಂಥ ಸಂಖ್ಯೆಯ ಉತ್ತರದ ಇಂಥದ್ದು ಇದೆ, ಅದಕ್ಕೆ ಇಂಥ ಚಿಕಿತ್ಸೆ ನಡೆದಿದೆ ಎಂದು ಸಂಖ್ಯೆಗಳಲ್ಲೇ ಬರೆದಿದ್ದರು. ಮನೆಗಳನ್ನು ತುಂಬುತ್ತಾ ಹೋದವರಿಗೆ ಅನ್ನನಾಳ, ಕ್ಯಾನ್ಸರ್, ಉಪಶಾಮಕ ಆರೈಕೆ ಎಂಬ ಪದಗಳು ಒಂದೊಂದಾಗಿ ಸಿಕ್ಕವು. ಆಗ ಅವರಿಗೆ 91 ವರ್ಷ. ಅದೇ ನವೆಂಬರಿನಲ್ಲಿ ತೀರಿಕೊಂಡರು.

ಒಗಟು, ಶ್ಲೇಷೆ, ಗೂಢಾರ್ಥ ನಮಗೆ ಹೊಸದಲ್ಲ. ಕನಕದಾಸರ ಮುಂಡಿಗೆಗಳ ಮುಂದೆ ಎಷ್ಟೋ ವಿದ್ವಾಂಸರು ತಲೆ ಕೆರೆದುಕೊಂಡಿದ್ದಾರೆ. ಆದರೆ ಮುಂಡಿಗೆ ಬಿಡಿಸಲು ಪುರಾಣ ಗೊತ್ತಿರಬೇಕು, ಬಿಡಿಸಿದ್ದು ಸರಿಯೋ ಎಂಬ ವಾದ ಮುಗಿಯುವುದೇ ಇಲ್ಲ. ಕ್ರಿಪ್ಟಿಕ್ ಸುಳಿವಿಗೆ ಬೇಕಾದ ಸಾಕ್ಷಿಯೆಲ್ಲ ಅದರೊಳಗೇ ಇರುತ್ತದೆ. ಕನಕರ ನೆನಪಿನಲ್ಲೇ ಒಂದು, ಉತ್ತರವಿಲ್ಲದೆ: ‘ತಿರುಗಿ ನಿಂತರೂ ದಾಸ ಚಿನ್ನವೇ (3)’. ಉಡುಪಿಯ ಕಿಂಡಿಯ ಕಡೆ ಓಡಬೇಡಿ, ಇಲ್ಲಿ ತಿರುಗಿದ್ದು ದೇವರಲ್ಲ.