ಸೋಲಾರ್ ಹಾಕಿಸಿ ನೋಡು!



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಈಗ ಅದಕ್ಕೆ ಇನ್ನೊಂದನ್ನು ಸೇರಿಸಬಹುದು: ಸೋಲಾರ್ ಹಾಕಿಸಿ ನೋಡು! ಹಾಕಿಸುವುದು ಒಂದು ದಿನದ ಕೆಲಸ. ಅದು ಹತ್ತು ವರ್ಷ ನಡೆಯುವಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಈ ಕೆಲಸದಲ್ಲಿ ನಿಮ್ಮ ಪಾಲೂ ಇದೆ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಮಕರಪುರದ ಸುತ್ತಮುತ್ತ ಬೆಳೆದ ನಿಮಗೆ ವಿದ್ಯುತ್ ಸಾಮಾನು ಹೊಸದಲ್ಲ. ಇಲ್ಲಿನ ಜಿಐಡಿಸಿ ಕೈಗಾರಿಕಾ ವಸಾಹತುವಿನಲ್ಲಿ ನಮ್ಮವರು ಎಷ್ಟೋ ಮಂದಿ ದುಡಿದಿದ್ದಾರೆ. 1974ರಲ್ಲಿ ಸ್ಥಾಪನೆಯಾದ ‘ಎರ್ಡಾ’, ಅಂದರೆ ಎಲೆಕ್ಟ್ರಿಕಲ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಅಸೋಸಿಯೇಷನ್ ಎಂಬ ಸಂಸ್ಥೆಯ ಪ್ರಯೋಗಾಲಯಗಳು ಇರುವುದೂ ಮಕರಪುರದಲ್ಲಿಯೇ. ವಿದ್ಯುತ್ ಉಪಕರಣಗಳನ್ನು ಬಿಸಿ ಮಾಡಿ, ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವ ಸ್ಥಳ ಅದು. ಆದರೆ ಪ್ರಯೋಗಾಲಯದಲ್ಲಿ ತೇರ್ಗಡೆಯಾದ ವಸ್ತುವೂ ಹಳ್ಳಿಯ ಮನೆಯ ಗೋಡೆ ಏರಿದ ಮೇಲೆ ಇನ್ನೊಂದು ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. ಕೆಟ್ಟರೆ ಬಂದು ನೋಡುವವರು ಯಾರು ಎಂಬುದೇ ಆ ಪರೀಕ್ಷೆ.

ಪೆಟ್ಟಿಗೆ ಮಾಡುವ ಕೆಲಸ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ವಡೋದರದ ಮಾಳಿಗೆಗಳ ಮೇಲೆ ಇಂದು ಕಾಣುವ ಸೋಲಾರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇಲ್ಲ. ಅವು ವಿದ್ಯುತ್ ಕಂಪನಿಯ ಲೈನಿಗೆ ಜೋಡಣೆಯಾಗಿರುತ್ತವೆ. ಫೆಬ್ರವರಿ 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಸಿಗುವುದು ಇಂಥವುಗಳಿಗೆ. ನಮ್ಮ ಊರಿನ ಮನೆಗಳಲ್ಲಿ, ಮುಖ್ಯವಾಗಿ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಮಲೆನಾಡಿನ ಕಡೆ, ಇರುವ ವ್ಯವಸ್ಥೆ ಬೇರೆ: ಹೆಂಚಿನ ಮೇಲೆ ಒಂದೆರಡು ಪ್ಯಾನೆಲ್, ಮೂಲೆಯಲ್ಲಿ ಬ್ಯಾಟರಿ, ಇವೆರಡರ ನಡುವೆ ಗೋಡೆಯ ಮೇಲೆ ಟಿಫಿನ್ ಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆ. ಇದೇ ಚಾರ್ಜ್ ಕಂಟ್ರೋಲರ್.

ಇದರ ಕೆಲಸ ಎರಡು. ಹಗಲಿನಲ್ಲಿ ಬ್ಯಾಟರಿ ಅತಿಯಾಗಿ ತುಂಬದಂತೆ ತಡೆಯುವುದು, ರಾತ್ರಿ ಅತಿಯಾಗಿ ಬರಿದಾಗದಂತೆ ತಡೆಯುವುದು. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಾದರೆ ಸುಮಾರು 14.4 ವೋಲ್ಟ್ ತಲುಪಿದಾಗ ಪೆಟ್ಟಿಗೆ ಕೈ ಹಿಡಿಯುತ್ತದೆ. ಸುಮಾರು 11 ವೋಲ್ಟಿಗೆ ಇಳಿದಾಗ ದೀಪಗಳನ್ನು ಆರಿಸಿ ಕೆಂಪು ದೀಪ ತೋರಿಸುತ್ತದೆ. ಊಟದ ವಿಷಯದಲ್ಲಿ ಅಜ್ಜಿ ಹೇಳುವ ಹಾಗೆ, ಅತಿಯಾಗಿ ಉಣ್ಣಲೂಬಾರದು, ಉಪವಾಸವೂ ಬೀಳಬಾರದು!

ತೊಂದರೆ ಶುರುವಾಗುವುದು ಇಲ್ಲಿಯೇ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಬಿಸಿಲಿಲ್ಲ. ಬ್ಯಾಟರಿ ತುಂಬುವುದಿಲ್ಲ. ಪೆಟ್ಟಿಗೆ ತನ್ನ ಕರ್ತವ್ಯ ಮಾಡಿ ದೀಪ ಆರಿಸುತ್ತದೆ. ಮನೆಯವರು ‘ಕಂಟ್ರೋಲರ್ ಕೆಟ್ಟಿತು’ ಎಂದು ತಿಳಿಯುತ್ತಾರೆ. ಕಂಪನಿಗೆ ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ. ಎತ್ತಿದರೂ ಅಜ್ಜನಿಗೆ ತಿಳಿಯದ ಭಾಷೆಯಲ್ಲಿ ಮಾತು. ಕೊನೆಗೆ ಪರಿಚಯದ ವೈರಿಂಗ್ ಕೆಲಸದವರು ಬಂದು, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ದೀಪದ ವೈರುಗಳನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ ಹೋಗುತ್ತಾರೆ. ಆ ರಾತ್ರಿ ಬೆಳಕು ಬರುತ್ತದೆ, ಎಲ್ಲರಿಗೂ ಸಂತೋಷ. ಆದರೆ ತಡೆಯುವವರೇ ಇಲ್ಲದ ಬ್ಯಾಟರಿ ಮತ್ತೆ ಮತ್ತೆ ಪೂರ್ತಿ ಬರಿದಾಗಿ, ವರ್ಷಗಟ್ಟಲೆ ಬಾಳಬೇಕಾದದ್ದು ಕೆಲವೇ ತಿಂಗಳಲ್ಲಿ ಸಾಯುತ್ತದೆ. ಈ ವ್ಯವಸ್ಥೆಯಲ್ಲಿ ಮತ್ತೆ ಮತ್ತೆ ದುಡ್ಡು ಕೇಳುವ ಭಾಗವೇ ಬ್ಯಾಟರಿ. ಗ್ಯಾರಂಟಿಯೂ ಹೋಯಿತು, ಏಕೆಂದರೆ ಜೋಡಣೆ ಬದಲಾಗಿದೆ. ‘ಸೋಲಾರ್ ನಂಬುವಂಥದ್ದಲ್ಲ’ ಎಂಬ ಮಾತು ಊರೆಲ್ಲಾ ಹಬ್ಬುತ್ತದೆ. ಇಲ್ಲಿ ಸೋತದ್ದು ಪೆಟ್ಟಿಗೆಯಲ್ಲ. ‘ಇದು ಕೆಟ್ಟಿಲ್ಲ, ಎರಡು ದಿನ ದೀಪ ಕಡಿಮೆ ಉರಿಸಿ’ ಎಂದು ಸಮಯಕ್ಕೆ ಹೇಳುವವರಿಲ್ಲದೆ ಹೋದದ್ದು.

ನಿಜವಾಗಿಯೂ ಕೆಡುವುದು ಯಾವಾಗ?

ಪೆಟ್ಟಿಗೆಗಳು ಕೆಡುವುದೇ ಇಲ್ಲವೆಂದಲ್ಲ. ಸಡಿಲವಾದ ಸ್ಕ್ರೂ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಇರುವೆ, ಹಲ್ಲಿ ಒಳಗೆ ಸೇರುತ್ತವೆ. ಸಿಡಿಲಿನ ಹೊಡೆತ ಪ್ಯಾನೆಲಿನ ವೈರಿನ ಮೂಲಕ ಒಳಗಿಳಿಯುತ್ತದೆ. ಗಾಳಿಯಾಡದ ಕಪಾಟಿನಲ್ಲಿಟ್ಟರೆ ಒಳಗಿನ ಭಾಗಗಳು ಬೇಯುತ್ತವೆ. ಪ್ಲಸ್-ಮೈನಸ್ ಅದಲುಬದಲಾದರೂ ಅಪಾಯವೇ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಕೊನೆಗೆ ಬ್ಯಾಟರಿ. ಈ ಕ್ರಮ ತಪ್ಪಿದರೆ ಕೆಲವು ಪೆಟ್ಟಿಗೆಗಳು ಕೂಡಲೇ ಸುಡಬಹುದು.

ಇನ್ನು ಕೊಳ್ಳುವಾಗಲೇ ಆಗುವ ಮೋಸ ಒಂದಿದೆ. ಅಂಗಡಿಯಲ್ಲಿ ಅಗ್ಗದ ‘ಪಿಡಬ್ಲ್ಯುಎಂ’ ಮತ್ತು ದುಬಾರಿಯ ‘ಎಂಪಿಪಿಟಿ’ ಎಂಬ ಎರಡು ಜಾತಿಯ ಪೆಟ್ಟಿಗೆಗಳು ಸಿಗುತ್ತವೆ. ಅಗ್ಗದ ಪೆಟ್ಟಿಗೆ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದುಬಿಡುತ್ತದೆ. 36 ಸೆಲ್ಲುಗಳ ಪ್ಯಾನೆಲಿಗೆ ಅದು ಸಾಕು. ಆದರೆ 30 ವೋಲ್ಟ್, 8.3 ಆಂಪಿಯರಿನ 250 ವಾಟ್ ಪ್ಯಾನೆಲನ್ನು ಇದಕ್ಕೆ ಜೋಡಿಸಿದರೆ 13 ವೋಲ್ಟಿನ ಬ್ಯಾಟರಿಗೆ ಸೇರುವುದು ಸುಮಾರು 108 ವಾಟ್ ಮಾತ್ರ. ಕೊಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಮಾಳಿಗೆಯ ಮೇಲೆಯೇ ಉಳಿಯಿತು! ಪೆಟ್ಟಿಗೆಯ ಮೇಲೆ ‘ಎಂಪಿಪಿಟಿ’ ಎಂದು ಅಚ್ಚಾದ ಮಾತ್ರಕ್ಕೂ ನಂಬಬೇಡಿ. ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಿ.

ಒಬ್ಬ ಹೊರನಾಡ ಕನ್ನಡಿಗನ ಉದಾಹರಣೆ

ಈ ಸೇವೆಯ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರಲ್ಲಿ ಹರೀಶ್ ಹಂದೆ ಮುಖ್ಯರು. ಅವರ ಮೂಲ ಉಡುಪಿ ಜಿಲ್ಲೆ, ಆದರೆ ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಅಂದರೆ ನಿಮ್ಮ ಹಾಗೆಯೇ ಕರ್ನಾಟಕದ ಹೊರಗೆ ಬೆಳೆದವರು. ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದ ಅವರು 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಬೆಂಗಳೂರಿನಲ್ಲಿ ‘ಸೆಲ್ಕೋ’ ಸಂಸ್ಥೆಯನ್ನು ಆರಂಭಿಸಿದರು. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ಕಾಪಾಡಿಕೊಳ್ಳಲಾರರು ಎಂಬ ನಂಬಿಕೆಯನ್ನು ಸುಳ್ಳು ಮಾಡುವುದು ಅವರ ಹಟವಾಗಿತ್ತು. ಪೆಟ್ಟಿಗೆ ಮಾರಿ ಮರೆಯುವ ಬದಲು, ಗ್ರಾಹಕರ ಮನೆಗಳಿಗೆ ಸಮೀಪದ ಊರುಗಳಲ್ಲಿ ಸೇವಾ ಕೇಂದ್ರಗಳನ್ನು ತೆರೆದರು. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಊರಿನ ಭಾಷೆ ಬಲ್ಲ ತಂತ್ರಜ್ಞರು ಮನೆಬಾಗಿಲಿಗೆ ಬಂದರು. ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಬೆಳಕು ಸೇರಿತು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ಸೋಲಾರ್ ಕೊಳ್ಳುವಾಗ ‘ಬೆಲೆ ಎಷ್ಟು?’ ಎಂದು ಕೇಳುವ ಮೊದಲು ‘ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ, ಎಲ್ಲಿಂದ?’ ಎಂದು ಕೇಳಬೇಕು. ಸಾವಿರ ರೂಪಾಯಿ ಅಗ್ಗವಾಗಿ ದೂರದ ಊರಿನಿಂದ ತರಿಸಿದ ಪೆಟ್ಟಿಗೆಗಿಂತ, ಹತ್ತು ಮೈಲಿಯೊಳಗೆ ಅಂಗಡಿ ಇರುವವರ ಪೆಟ್ಟಿಗೆ ಮೇಲು.

ನೀವು ಮಾಡಬಹುದಾದದ್ದು

ಅಜ್ಜನಿಗೆ ಮನೆಯ ಮೂಲೆ ಮೂಲೆಯೂ ಗೊತ್ತು, ಆದರೆ ವೋಲ್ಟು-ಆಂಪಿಯರು ಗೊತ್ತಿಲ್ಲ. ಕಂಪನಿಯವರಿಗೆ ಅವು ಗೊತ್ತು, ಆದರೆ ಅಜ್ಜನ ಕನ್ನಡ ಬಾರದು. ಎರಡೂ ಕಡೆಯ ಮಾತು ಬಲ್ಲವರು ನೀವು. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿ: ‘ಅಜ್ಜಾ, ಪೆಟ್ಟಿಗೆಯ ಮೇಲೆ ಯಾವ ಬಣ್ಣದ ದೀಪ ಹತ್ತಿದೆ? ನಿನ್ನೆ ಬಿಸಿಲು ಇತ್ತೇ? ಪ್ಯಾನೆಲಿನ ಮೇಲೆ ಮರದ ನೆರಳು ಬೀಳುತ್ತಿದೆಯೇ? ಸುಟ್ಟ ವಾಸನೆ ಬಂತೇ?’ ಈ ನಾಲ್ಕು ಪ್ರಶ್ನೆಗಳಿಗೇ ಎಷ್ಟೋ ಬಾರಿ ರೋಗ ಗೊತ್ತಾಗಿಬಿಡುತ್ತದೆ. ಆದರೆ ವಯಸ್ಸಾದವರಿಗೆ ವೈರು ಮುಟ್ಟಲು ಹೇಳಬೇಡಿ.

ರಜೆಗೆ ಊರಿಗೆ ಹೋದಾಗ ಚೀಲದಲ್ಲಿ ಒಂದು ಮಲ್ಟಿಮೀಟರ್ ಇರಲಿ. ಬೆಳಿಗ್ಗೆ ಬಿಸಿಲೇರುವ ಮೊದಲು, ದೀಪಗಳೆಲ್ಲ ಆರಿರುವಾಗ, ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಆದರೆ ಅರ್ಧ. 12ಕ್ಕಿಂತ ಕೆಳಗಾದರೆ ಹಸಿದಿದೆ. ಒಳ್ಳೆಯ ಬಿಸಿಲಿನ ಮಧ್ಯಾಹ್ನವೂ ಆ ಅಂಕಿ ಏರದಿದ್ದರೆ ಮೊದಲು ಫ್ಯೂಸು ಮತ್ತು ಸ್ಕ್ರೂಗಳನ್ನು ನೋಡಿ, ಆಮೇಲೆ ಪೆಟ್ಟಿಗೆಯನ್ನು ಸಂಶಯಿಸಿ. ಈ ಅಂಕಿಗಳನ್ನು ಹೇಳಿ ದೂರು ಕೊಟ್ಟರೆ ಕಂಪನಿಯವರಿಗೆ ‘ನೋಡೋಣ’ ಎಂದು ಸಾಗಹಾಕುವುದು ಕಷ್ಟ.

ಆದರೂ ಉತ್ತರ ಬಾರದಿದ್ದರೆ? ಬಿಲ್ಲು, ಗ್ಯಾರಂಟಿ ಕಾರ್ಡು, ಸೀರಿಯಲ್ ನಂಬರಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡವೂ ಇದೆ, ಗುಜರಾತಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಮಾರಿದವರ ಊರಿಗೆ ಅಲೆಯಬೇಕಿಲ್ಲ. ತೊಂದರೆ ಉಂಟಾದ ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವಿಲ್ಲ. ಬಿಲ್ಲು ಕೊಡದಿರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಹಾಗಾಗಿ ‘ಬಿಲ್ಲು ಬೇಡ, ಕಡಿಮೆ ಮಾಡಿಕೊಡುತ್ತೇನೆ’ ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಮುಂದಿನ ಬಾರಿ ಊರಿಗೆ ಹೋದಾಗ ಒಂದು ರಟ್ಟಿನ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಪೆಟ್ಟಿಗೆಯ ಪಕ್ಕ ತೂಗುಹಾಕಿ: ಹಾಕಿಸಿದ ದಿನ, ಸೀರಿಯಲ್ ನಂಬರು, ಸೇವಾ ಕೇಂದ್ರದ ಫೋನು, ಕೆಂಪು ದೀಪ ಬಂದರೆ ಏನರ್ಥ ಎಂಬ ಒಂದು ಸಾಲು. ಅದರ ಕೆಳಗೆ ನಿಮ್ಮ ಹೆಸರು, ನಿಮ್ಮ ನಂಬರು. ಕನ್ನಡ ಬರೆಯುವುದು ಮರೆತುಹೋಗಿದ್ದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಇಳಿವಯಸ್ಸಿನಲ್ಲಿ ಕತ್ತಲೆಯ ಮನೆಯಲ್ಲಿ ಕುಳಿತವರಿಗೆ, ಫೋನು ಮಾಡಿದರೆ ಎತ್ತುವವರು ಒಬ್ಬರಿದ್ದಾರೆ ಎಂಬುದೇ ದೊಡ್ಡ ಧೈರ್ಯ.