ದೂರದಿಂದಲೇ ಶ್ರವಣ ಸಾಧನ ಕೊಳ್ಳುವ ಮುನ್ನ

ಅಬ್ಬನ ಕಿವಿ ಮಂದವಾಗಿದೆ ಎಂಬುದು ಹೆಚ್ಚಾಗಿ ಅಬ್ಬನಿಗಿಂತ ಮೊದಲು ಮನೆಯವರಿಗೆ ಗೊತ್ತಾಗುತ್ತದೆ. ಟಿ.ವಿ.ಯ ಸದ್ದು ದಿನದಿಂದ ದಿನಕ್ಕೆ ಏರುತ್ತದೆ. 'ತಟ್ಟೆ ಕೊಡಿ' ಎಂದರೆ ಅವರು ಕಟ್ಟೆಯ ಕಡೆ ನೋಡುತ್ತಾರೆ. ಅಝಾನ್ ಕೇಳಿಸುತ್ತದೆ, ಆದರೆ ಜುಮಾ ಖುತ್ಬಾದಲ್ಲಿ ಖತೀಬರು ಏನು ಹೇಳಿದರೆಂದು ತಿಳಿಯುವುದಿಲ್ಲ. ವಯಸ್ಸಿನೊಂದಿಗೆ ಬರುವ ಕಿವುಡುತನದಲ್ಲಿ ಮೊದಲು ಕೈಬಿಡುವುದು ತೀಕ್ಷ್ಣವಾದ ಧ್ವನಿಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಸದ್ದು ಬರುತ್ತದೆ, ಮಾತು ಬಿಡಿಸಿ ಬರುವುದಿಲ್ಲ. 'ನೀವೆಲ್ಲ ಗೊಣಗುತ್ತೀರಿ' ಎಂದು ಅವರು ಗದರಿದರೆ ಅದು ಹಟವಲ್ಲ, ಅವರಿಗೆ ನಿಜವಾಗಿಯೂ ಹಾಗೆಯೇ ಕೇಳಿಸುತ್ತದೆ. ಹೀಗೇ ಬಿಟ್ಟರೆ ಮೆಲ್ಲಗೆ ಮಾತುಕತೆಯಿಂದಲೇ ದೂರ ಸರಿಯುತ್ತಾರೆ.

ಇಂತಹ ಹೊತ್ತಿನಲ್ಲಿ ಗಲ್ಫ್‌ನಲ್ಲಿರುವ ಮಗನ ಮೊಬೈಲ್‌ಗೆ ಒಂದು ಜಾಹೀರಾತು ಬರುತ್ತದೆ: ವೈದ್ಯರ ಬಳಿ ಹೋಗಬೇಕಿಲ್ಲ, ಮನೆಗೇ ತಲುಪುತ್ತದೆ. ಪ್ರೀತಿಯಿಂದಲೇ ಕೊಂಡು ಕಳುಹಿಸುತ್ತಾನೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹಾಗೆ ಬಂದ ಜೋಡಿ ಯಂತ್ರ ಕಪಾಟಿನಲ್ಲಿದೆ. ಉಮ್ಮ ಎರಡು ದಿನ ಹಾಕಿಕೊಂಡರು. ಪಾತ್ರೆಯ ಸದ್ದು ತಲೆಗೆ ಬಡಿಯಿತು, ಮಾತು ಮಾತ್ರ ಮೊದಲಿನಂತೆಯೇ ಇತ್ತು. ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದನ್ನು ಉಮ್ಮನ ಕಿವಿಗೆ ಯಾರೂ ಹೊಂದಿಸಿರಲಿಲ್ಲ.

ಶ್ರವಣ ಸಾಧನ ಓದುವ ಕನ್ನಡಕದಂತೆ ಅಂಗಡಿಯಲ್ಲಿ ಇಟ್ಟು ನೋಡಿ ತರುವ ವಸ್ತುವಲ್ಲ. ಯಾವ ಸ್ವರ ಎಷ್ಟು ಕಡಿಮೆ ಕೇಳಿಸುತ್ತದೆಂದು 250ರಿಂದ 8000 ಹರ್ಟ್ಸ್‌ವರೆಗೆ ಅಳೆದು ಆಡಿಯೋಗ್ರಾಮ್ ಎಂಬ ನಕ್ಷೆ ಬರೆಯುತ್ತಾರೆ. ಯಂತ್ರ ಆ ನಕ್ಷೆಗೆ ತಕ್ಕಂತೆ ಒಂದು ಸ್ವರವನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ಏರಿಸಬೇಕು. ಎಲ್ಲವನ್ನೂ ಒಂದೇ ಸಮ ಏರಿಸುವ ಅಗ್ಗದ 'ಸೌಂಡ್ ಆಂಪ್ಲಿಫೈಯರ್' ಈ ಕೆಲಸ ಮಾಡದು. ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ವೈದ್ಯರ ಚೀಟಿಯಿಲ್ಲದೆ ಕೆಲವು ಬಗೆಯ ಶ್ರವಣ ಸಾಧನ ಕೊಳ್ಳಬಹುದು ಎಂಬುದು ನಿಜ. ಆದರೆ ಆ ಸೌಲಭ್ಯ 18 ದಾಟಿದ, ಸೌಮ್ಯ ಅಥವಾ ಮಧ್ಯಮ ಮಟ್ಟದ ಕಿವುಡುತನ ಇರುವವರಿಗಾಗಿ. ಮಕ್ಕಳಿಗೂ ತೀವ್ರ ಕಿವುಡುತನದವರಿಗೂ ಅಲ್ಲಿಯೂ ಇದು ಸಲ್ಲುವುದಿಲ್ಲ.

ಹಾಗಾದರೆ ದೂರದ ಸೇವೆ ಬೇಡವೇ? ಬೇಕು, ಆದರೆ ಎರಡನೇ ಹೆಜ್ಜೆಯಾಗಿ. ಮೊದಲ ಸಲ ಕಿವಿಯೊಳಗೆ ಯಾರಾದರೂ ಕಣ್ಣಿಟ್ಟು ನೋಡಲೇಬೇಕು. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆದೊಡನೆ ಕೇಳಿಸಿದ ಉದಾಹರಣೆಗಳು ಎಷ್ಟೋ ಇವೆ. ತಮಟೆ ತೂತಾಗಿರಬಹುದು, ಸೋಂಕು ಇರಬಹುದು. ದೋಷ ಮಧ್ಯಕಿವಿಯದೋ ನರದ್ದೋ ಎಂದು ಬೇರ್ಪಡಿಸಲು ಮೂಳೆಯ ಮೂಲಕ ಸದ್ದು ಕಳಿಸುವ ಪರೀಕ್ಷೆ ಬೇಕು. ಕಿವಿಯ ಅಚ್ಚನ್ನೂ ಕೈಯಿಂದಲೇ ತೆಗೆಯಬೇಕು. ಕಿವಿ ಸೋರುವುದು, ನೋವು, ತಲೆ ಸುತ್ತು, ಒಂದೇ ಕಿವಿಯಲ್ಲಿ ಕಿವುಡು ಅಥವಾ ಮೊರೆತ ಇದ್ದರೆ ಇ.ಎನ್.ಟಿ. ವೈದ್ಯರನ್ನು ಕಾಣದೆ ಯಂತ್ರದ ಮಾತೇ ಬೇಡ. ಒಂದೆರಡು ದಿನಗಳಲ್ಲಿ ಹಠಾತ್ತನೆ ಕಿವಿ ಹೋದರೆ ಅದು ತುರ್ತು ಸ್ಥಿತಿ. ಅಂದೇ ಹೋಗಿ, ತಡವಾದಷ್ಟೂ ಔಷಧದಿಂದ ಮರಳಿ ಬರುವ ಸಾಧ್ಯತೆ ಕುಗ್ಗುತ್ತದೆ.

ಇದಾದ ಮೇಲೆ ದೂರದ ಸೇವೆ ನಿಜವಾಗಿ ಉಪಕಾರಿ. ಯಂತ್ರ ಬ್ಲೂಟೂತ್ ಮೂಲಕ ಫೋನಿಗೆ ಜೋಡಿಕೊಳ್ಳುತ್ತದೆ, ಆಡಿಯೋಲಜಿಸ್ಟ್ ವಿಡಿಯೋ ಕರೆಯಲ್ಲಿ ಮಾತನಾಡುತ್ತಾ ಅಲ್ಲಿಂದಲೇ ಅದನ್ನು ತಿದ್ದುತ್ತಾರೆ. ಪರೀಕ್ಷಾ ಕೋಣೆಯ ನಿಶ್ಶಬ್ದದಲ್ಲಿ ಸರಿಯೆನಿಸಿದ್ದು ಅಡುಗೆಮನೆಯಲ್ಲಿ ತೊಂದರೆ ಕೊಡುತ್ತದೆ. ಇಲ್ಲಿ ಅಡುಗೆಮನೆಯಲ್ಲೇ ಕೂತು, ಸೊಸೆಯ ದನಿ ಕೇಳಿಸಿಕೊಂಡು ತಿದ್ದಿಸಬಹುದು. ಹೊಸತರಲ್ಲಿ ಮೂರು ನಾಲ್ಕು ವಾರ ಕಿವಿ ಪಳಗಬೇಕು, ಪದೇ ಪದೇ ತಿದ್ದಬೇಕು. ವೃದ್ಧರನ್ನು ಪ್ರತಿ ಸಲ ಬಸ್ಸು ಹತ್ತಿಸುವ ಕಷ್ಟ ತಪ್ಪುತ್ತದೆ. 'ಮಸೀದಿಯಲ್ಲಿ ಪ್ರತಿಧ್ವನಿ', 'ಮೊಮ್ಮಗಳ ಮಾತು ತಿಳಿಯಲಿಲ್ಲ' ಎಂದು ದಿನವೂ ಬರೆದಿಟ್ಟು ಕರೆಯಲ್ಲಿ ಓದಿ ಹೇಳಿ.

ಹಣ ಕೊಡುವ ಮೊದಲು ಕೇಳಿ: ಈ ಮಾದರಿಯನ್ನು ದೂರದಿಂದ ತಿದ್ದಲು ಬರುತ್ತದೆಯೇ? ಅಗ್ಗದ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಬರುವುದಿಲ್ಲ. ತಿದ್ದುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ? ಎಷ್ಟು ಸಲದ ತಿದ್ದುಪಡಿ ಬೆಲೆಯಲ್ಲಿ ಸೇರಿದೆ, ಹಿಂದಿರುಗಿಸಲು ಎಷ್ಟು ದಿನ? ಉತ್ತರ ಬರಹದಲ್ಲಿರಲಿ. ವಿದೇಶದಲ್ಲಿ ಕೊಂಡರೆ ಇನ್ನೂ ಎರಡು ಪ್ರಶ್ನೆ. ವಾರಂಟಿ ಇಲ್ಲಿ ನಡೆಯುತ್ತದೆಯೇ? ಕೆಲವು ಮಳಿಗೆಗಳ ಯಂತ್ರಕ್ಕೆ ಸಾಫ್ಟ್‌ವೇರ್ ಬೀಗ ಇರುತ್ತದೆ, ಊರಿನ ಆಡಿಯೋಲಜಿಸ್ಟ್ ಅದನ್ನು ತೆರೆಯಲಾರರು. ಇದಕ್ಕೆ ಅಂತಹ ಬೀಗವಿದೆಯೇ? ಮಗ ಅಲ್ಲಿ ಕೊಳ್ಳುವ ಬದಲು ಹಣ ಕಳಿಸುವುದೇ ಲೇಸು ಎಂಬುದು ನನ್ನ ಅನಿಸಿಕೆ.

ಹಣವೇ ಇಲ್ಲದ ಮನೆಗಳೂ ಇವೆ. ಅವರಿಗಾಗಿ ಕೇಂದ್ರ ಸರಕಾರದ ಎಡಿಐಪಿ ಯೋಜನೆ ಇದೆ. ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ, ಆದಾಯ ಪತ್ರ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಮಾರ್ಗದರ್ಶನವೂ ಸಿಗುತ್ತದೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ವುಝೂವಿನಲ್ಲಿ ಬೆರಳು ಕಿವಿಯೊಳಗೂ ಹೆಬ್ಬೆರಳು ಕಿವಿಯ ಹಿಂದೂ ಹೋಗುತ್ತದೆ, ಯಂತ್ರ ಇರುವುದೂ ಅಲ್ಲಿಯೇ. ತೆಗೆದು ಒಣ ಡಬ್ಬಿಯಲ್ಲಿಡಿ, ಕಿವಿಯನ್ನು ಚೆನ್ನಾಗಿ ಒರೆಸಿಕೊಂಡು ಮತ್ತೆ ಹಾಕಿ. ದಿನಕ್ಕೆ ಹಲವು ಬಾರಿ ತೆಗೆದು ಹಾಕಲು ಬೆರಳು ಒಗ್ಗುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಕೈ ನಡುಗುವವರಿಗೆ ತೀರಾ ಚಿಕ್ಕದು ಬೇಡ. ಕಿವಿಯ ಹಿಂದಿನ ಮೈಕ್ರೋಫೋನನ್ನು ಹಿಜಾಬ್ ಬಿಗಿಯಾಗಿ ಒತ್ತಿದರೆ ಸದ್ದು ಮಂಕಾಗುತ್ತದೆ, ಕೆಲವೊಮ್ಮೆ ಸಿಳ್ಳೆ ಹೊಡೆಯುತ್ತದೆ. ಮೊದಲ ವಿಡಿಯೋ ಕರೆಗೆ ಹಿಜಾಬ್ ಅಥವಾ ಟೊಪ್ಪಿ ಧರಿಸಿಯೇ ಕುಳಿತು ತಿದ್ದಿಸಿಕೊಳ್ಳಿ. ಬಿಡಿ ಬ್ಯಾಟರಿಯ ಮಾದರಿಯಾದರೆ ಹಳೆಯ ಗುಂಡುಬಿಲ್ಲೆಗಳನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಮಗು ಒಂದನ್ನು ನುಂಗಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.