ಗಿಗ್ ಕಾರ್ಮಿಕರ ಕಾಯ್ದೆ: ಡೆಲಿವರಿ ಕೆಲಸಕ್ಕೆ ಏನು ಭದ್ರತೆ?

ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಕಾಯಂ ನೌಕರರಿಗೆ ಪಿಎಫ್ ಇದೆ, ವೈದ್ಯಕೀಯ ಸೌಲಭ್ಯ ಇದೆ. ಅದೇ ರಸ್ತೆಯಲ್ಲಿ ಬೈಕ್ ಏರಿ ಊಟ ತಲುಪಿಸುವವರಿಗೆ ಇವೆರಡೂ ಇಲ್ಲ. ಆ್ಯಪ್ ಕಂಪನಿಗಳ ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಂತ ದುಡಿಮೆಯ 'ಪಾಲುದಾರರು'. ಇಂಥವರೇ ಗಿಗ್ ಕಾರ್ಮಿಕರು.

ಈ ಕೊರತೆ ತುಂಬಲು ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಕರಡು ಮಸೂದೆ ಪ್ರಕಟಿಸಿತು. 2025ರ ಮೇನಲ್ಲಿ ಸುಗ್ರೀವಾಜ್ಞೆ ಬಂತು. ಅದೇ ವರ್ಷ ವಿಧಾನಮಂಡಲದ ಒಪ್ಪಿಗೆ ಪಡೆದು ಅದು ಕಾಯ್ದೆಯಾಯಿತು. ಇಂಥ ಕಾಯ್ದೆಯನ್ನು 2023ರಲ್ಲಿ ಮೊದಲು ತಂದದ್ದು ರಾಜಸ್ಥಾನ.

ಕಾಯ್ದೆಯ ತಿರುಳು ಕಲ್ಯಾಣ ಶುಲ್ಕ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿ ಪ್ರತ್ಯೇಕವಾಗಿ ಕಲ್ಯಾಣ ನಿಧಿಗೆ ಕಟ್ಟಬೇಕು. ಒಂದು ಡೆಲಿವರಿಗೆ 40 ರೂಪಾಯಿ ಕೊಟ್ಟರೆ ನಿಧಿಗೆ ಸೇರುವುದು 40 ಪೈಸೆಯಿಂದ 2 ರೂಪಾಯಿ. ಈ ಹಣವನ್ನು ಕಲ್ಯಾಣ ಮಂಡಳಿ ಸಾಮಾಜಿಕ ಭದ್ರತೆಗೆ ಬಳಸುತ್ತದೆ.

ಕೆಲಸದಿಂದ ತೆಗೆಯುವುದಕ್ಕೂ ಕಟ್ಟುಪಾಡಿದೆ. ಲಿಖಿತ ಕಾರಣ ಕೊಟ್ಟು 14 ದಿನ ಮೊದಲೇ ನೋಟಿಸ್ ನೀಡಬೇಕು. ರೇಟಿಂಗ್ ಹೇಗೆ ನಿರ್ಧಾರವಾಗುತ್ತದೆ, ಕೆಲಸ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಕಾರ್ಮಿಕರಿಗೆ ತಿಳಿಸಬೇಕು.

ಆದರೆ ಈ ಕಾಯ್ದೆ ಅವರನ್ನು ಕಂಪನಿಯ ನೌಕರರನ್ನಾಗಿ ಮಾಡುವುದಿಲ್ಲ. ಸೌಲಭ್ಯ ಪಡೆಯಲು ಮಂಡಳಿಯಲ್ಲಿ ಹೆಸರು ನೋಂದಣಿಯಾಗಿರಬೇಕು. ನೋಂದಾಯಿತರಿಗೆ ಕೆಲಸ ಮಾಡುವ ಎಲ್ಲ ಆ್ಯಪ್‌ಗಳಿಗೂ ಒಂದೇ ಗುರುತಿನ ಸಂಖ್ಯೆ ಸಿಗುತ್ತದೆ.